ಯಾವ ಭಾಷೆಗೆ ಯಾವ ಗುಂಡಿ: ಕೋವಿಡ್ ಕಾಲದ ಸಹಾಯವಾಣಿಗಳು ಮುಂಬಯಿ, ಪುಣೆಯ ಕನ್ನಡ ವಿದ್ಯಾರ್ಥಿಗೆ ಒದಗಿದ್ದೆಷ್ಟು

ಮಹಾರಾಷ್ಟ್ರದ ಕಾಲೇಜುಗಳು 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದವು. ಸರಿಯಾಗಿ ತೆರೆದದ್ದು 2021ರ ಅಕ್ಟೋಬರ್ 20ಕ್ಕೆ. ನಡುವೆ ಫೆಬ್ರವರಿಯಲ್ಲಿ ಕೆಲವು ಕಡೆ ಅರ್ಧ ಹಾಜರಿಯಲ್ಲಿ ತರಗತಿ ಶುರುವಾಗಿತ್ತು, ಎರಡನೇ ಅಲೆ ಬಂದದ್ದೇ ಅದೂ ನಿಂತಿತು. ಈ ಒಂದೂವರೆ ವರ್ಷದಲ್ಲಿ ಮನಸ್ಸಿಗೆ ಕಷ್ಟವಾದರೆ ಕರೆ ಮಾಡಿ ಎನ್ನುವ ನಂಬರುಗಳು ಒಂದರ ಹಿಂದೊಂದು ಬಂದವು. ಸರ್ಕಾರದ್ದು, ಮಹಾನಗರಪಾಲಿಕೆಯದ್ದು, ವಿಶ್ವವಿದ್ಯಾಲಯದ್ದು, ಸಂಘಸಂಸ್ಥೆಯದ್ದು. ಕೆಲವು ಇಂದಿಗೂ ಇವೆ, ಕೆಲವು ಬೇರೆ ರೂಪಕ್ಕೆ ಬಂದಿವೆ. ಈ ಸೇವೆಗಳನ್ನು ಇಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡು ತೂಗಿದ್ದೇವೆ: ಮುಂಬಯಿ, ಪುಣೆ, ಗೋವೆಯ ಕನ್ನಡ ಮನೆಯ ಹುಡುಗನೋ ಹುಡುಗಿಯೋ ತನ್ನ ಬಗ್ಗೆ ಬಾಯಿಬಿಟ್ಟು ಮಾತಾಡಲು ಇದು ಜಾಗ ಮಾಡಿಕೊಟ್ಟಿತೇ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ, ಅವಸರದಲ್ಲಿರುವವರಿಗೆ ಅಷ್ಟು ಸಾಕು. ಲಾಕ್‌ಡೌನಿನ ದಿನಗಳಿಗೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಸಹಾಯವಾಣಿ ಐಕಾಲ್ ಎಲ್ಲಕ್ಕಿಂತ ಮುಂದೆ, ಏಕೆಂದರೆ ಅಲ್ಲಿ ಬಾಯಲ್ಲಿ ಹೇಳಲಾಗದ್ದನ್ನು ಬರೆದು ಹೇಳಬಹುದಿತ್ತು. ಇವತ್ತಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ 14416 ಮೊದಲು, ಏಕೆಂದರೆ ಹಗಲೂ ರಾತ್ರಿ ತೆರೆದಿರುತ್ತದೆ, ಕನ್ನಡವೂ ಇದೆ, ದುಡ್ಡು ಬೀಳುವುದಿಲ್ಲ. ಉಳಿದವು ತಂತಮ್ಮ ಕೆಲಸಕ್ಕೆ ಒಳ್ಳೆಯವೇ. ಆದರೆ ಯಾವ ಕೆಲಸಕ್ಕೆ ಎಂದು ತಿಳಿದು ಬಳಸಬೇಕು.

ಕಳೆದುಹೋದದ್ದು ಏನು

ಸೇವೆಯ ಬೆಲೆ ಕಟ್ಟುವ ಮುಂಚೆ ತೊಂದರೆ ಏನಿತ್ತೆಂದು ತಿಳಿಯಬೇಕು. ಚೆಂಬೂರು, ಭಾಂಡುಪ್, ಡೊಂಬಿವಲಿ ಕಡೆಯ ನಮ್ಮ ಹುಡುಗರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಬಿಲ್ಡಿಂಗ್ ಕೆಳಗೆ ಮರಾಠಿ, ಗೆಳೆಯರ ಜೊತೆ ಬಂಬೈಯಾ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್. ಒಂದೊಂದು ಮಾತಿನಲ್ಲೂ ಅವರು ಕೊಂಚ ಬೇರೆ ಮನುಷ್ಯರು. ಅಪ್ಪನ ಎದುರು ತಲೆ ಎತ್ತದವನು ಕ್ಯಾಂಟೀನಿನಲ್ಲಿ ಹತ್ತು ಜನರನ್ನು ನಗಿಸುವವನಾಗಿರುತ್ತಾನೆ. ವಾರವೆಲ್ಲ ಸುಮ್ಮನಿರುವ ಹುಡುಗಿ ಭಾನುವಾರದ ಯಕ್ಷಗಾನ ತರಗತಿಯಲ್ಲಿ ಮಹಿಷಾಸುರನಾಗಿ ಅಬ್ಬರಿಸುತ್ತಾಳೆ. ಈ ಮುಖದಿಂದ ಆ ಮುಖಕ್ಕೆ ದಾಟಿಸುತ್ತಿದ್ದದ್ದು ಲೋಕಲ್ ರೈಲು. 2020ರ ಮಾರ್ಚ್ 22ರ ನಡುರಾತ್ರಿಗೆ ಅದು ನಿಂತಿತು. ಜೂನ್ 15ಕ್ಕೆ ಅಗತ್ಯ ಸೇವೆಯವರಿಗಷ್ಟೇ ಓಡಿತು; 2021ರ ಫೆಬ್ರವರಿ 1ರಿಂದ ಗೊತ್ತುಮಾಡಿದ ಹೊತ್ತಿನಲ್ಲಿ ಎಲ್ಲರಿಗೂ; ಎರಡನೇ ಅಲೆಗೆ ಮತ್ತೆ ಬಂದ್; ಆಗಸ್ಟ್ 15ರಿಂದ ಎರಡೂ ಡೋಸ್ ಆದವರಿಗೆ. 18 ದಾಟಿದವರಿಗೆ ಲಸಿಕೆ ಶುರುವಾದದ್ದೇ ಆ ವರ್ಷದ ಮೇ 1ಕ್ಕೆ, ಕೋವಿಶೀಲ್ಡಿನ ಎರಡನೇ ಡೋಸಿಗೆ 84 ದಿನ ಕಾಯಬೇಕಿತ್ತು. ಹಾಗಾಗಿ ಆಗಸ್ಟ್ 15ರ ಸಡಿಲಿಕೆ ಕಾಲೇಜು ವಯಸ್ಸಿನ ಬಹಳಷ್ಟು ಮಂದಿಗೆ ದಕ್ಕಲೇ ಇಲ್ಲ.

ರೈಲು ನಿಂತಾಗ ಉಳಿದದ್ದು ಮನೆಯ ಮುಖ ಒಂದೇ. ಮನೆಗೆ ಅವನು ಇನ್ನೂ ಹತ್ತನೇ ಕ್ಲಾಸಿನ ಹುಡುಗ: ಎದ್ದೆಯಾ, ತಿಂದೆಯಾ, ಮೊಬೈಲ್ ಇಡು. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹದಿಹರೆಯದ ಮುಖ್ಯ ಕೆಲಸವೇ ‘ನಾನು ಯಾರು’ ಎಂಬುದನ್ನು ಕಂಡುಕೊಳ್ಳುವುದು ಎಂದರು. ಜೇಮ್ಸ್ ಮಾರ್ಸಿಯ 1966ರಲ್ಲಿ ಅದನ್ನು ನಾಲ್ಕು ಸ್ಥಿತಿಗಳಾಗಿ ಬಿಡಿಸಿದರು. ಅವುಗಳಲ್ಲಿ ಒಂದು, ಇನ್ನೂ ಏನೂ ನಿರ್ಧರಿಸದೆ ಅದನ್ನು ಇದನ್ನು ಮಾಡಿ ನೋಡುವ ಹುಡುಕಾಟದ ಸ್ಥಿತಿ. ಜೆಫ್ರಿ ಆರ್ನೆಟ್ 2000ರಲ್ಲಿ ಈ ಹುಡುಕಾಟ ಈಗಿನ ಕಾಲದಲ್ಲಿ 18ರಿಂದ 25ರವರೆಗೂ ಚಾಚಿಕೊಂಡಿದೆ ಎಂದು ವಾದಿಸಿದರು. ಹುಡುಕಾಟಕ್ಕೆ ಜಾಗ ಬೇಕು, ಜನ ಬೇಕು, ತಪ್ಪು ಮಾಡಿ ಮನೆಗೆ ಗೊತ್ತಾಗದಂತೆ ತಿದ್ದಿಕೊಳ್ಳುವ ಅವಕಾಶ ಬೇಕು. 2020ರಲ್ಲಿ ಪ್ರವೇಶ ಪಡೆದ ಎಫ್‌ವೈ (ಪದವಿಯ ಮೊದಲ ವರ್ಷದ) ಹುಡುಗರಿಗೆ ಇದ್ಯಾವುದೂ ಸಿಗಲಿಲ್ಲ; ಸಹಪಾಠಿಗಳನ್ನು ಅವರು ನೋಡಿದ್ದು ಪರದೆಯ ಮೇಲಿನ ಹೆಸರುಗಳಾಗಿ.

ಕೊನೆಯ ವರ್ಷದವರ ಪಾಡು ಇನ್ನೊಂದು. 2020ರ ಜುಲೈ 6ಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅಂತಿಮ ವರ್ಷದ ಪರೀಕ್ಷೆ ನಡೆಸಲೇಬೇಕು ಎಂದಿತು, ರಾಜ್ಯ ಸರ್ಕಾರ ಬೇಡವೆಂದಿತು, ಆಗಸ್ಟ್ 28ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆ ಅಕ್ಟೋಬರಿನಲ್ಲಿ ಆನ್‌ಲೈನಿನಲ್ಲಿ ಮುಗಿಯಿತು. ಅಷ್ಟರಲ್ಲಿ ಆ ಸಾಲಿಗೆ ‘ಕೋವಿಡ್ ಬ್ಯಾಚ್’ ಎಂಬ ಹೆಸರು ಬಿದ್ದಿತ್ತು. ಪದವಿ ಕೈಗೆ ಬಂದರೂ ಅದು ತನ್ನದೇ ಗಳಿಕೆ ಎಂದು ಅನಿಸದಿರುವುದು ಸಣ್ಣ ಗಾಯವಲ್ಲ.

ಇನ್ನು ಊರಿಗೆ ಹೋದವರು. ಮಹಾರಾಷ್ಟ್ರದಲ್ಲಿ ಹೋಟೆಲುಗಳು ಕೂತು ಉಣ್ಣುವವರಿಗೆ ತೆರೆದದ್ದು 2020ರ ಅಕ್ಟೋಬರ್ 5ಕ್ಕೆ. ಅಲ್ಲಿಯವರೆಗೆ ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕಲಿಯುತ್ತಿದ್ದ ಹುಡುಗರಿಗೆ ಕೆಲಸವೂ ಇಲ್ಲ, ಮಲಗುವ ಜಾಗವೂ ಅನುಮಾನ. ಮೇ ತಿಂಗಳಲ್ಲಿ ಉಡುಪಿ, ಮಂಗಳೂರು, ಮಂಡ್ಯ ಕಡೆ ಹೊರಟರೆ ಕರ್ನಾಟಕ ಮಹಾರಾಷ್ಟ್ರದಿಂದ ಬರುವವರನ್ನು ಕೆಲಕಾಲ ಗಡಿಯಲ್ಲೇ ತಡೆಯಿತು; ಬಂದವರನ್ನು ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನಿಗೆ ಹಾಕಿತು. ದಿನದಿನದ ಬುಲೆಟಿನಿನಲ್ಲಿ ‘ಮಹಾರಾಷ್ಟ್ರದಿಂದ ಹಿಂದಿರುಗಿದವರು’ ಎಂಬುದೇ ಒಂದು ಸಾಲು. ಮುಂಬಯಿಯಲ್ಲಿ ‘ಊರಿನವ’ ಆಗಿದ್ದವನು ಊರಿನಲ್ಲಿ ‘ಬಾಂಬೆಯಿಂದ ರೋಗ ತಂದವ’ ಆದ. ಎರಡು ಕಡೆಯಲ್ಲೂ ಸಲ್ಲದವನು ಫೋನೆತ್ತಿಕೊಂಡು ತಾನು ಯಾರೆಂದು ಹೇಳಿ ಮಾತು ಶುರುಮಾಡಬೇಕು? ನಿದ್ದೆ ಬರುತ್ತಿಲ್ಲ, ಓದಲಾಗುತ್ತಿಲ್ಲ ಎಂಬ ದೂರಿನ ಅಡಿಯಲ್ಲಿ ಹಲವು ಸಲ ಇರುವುದು ಈ ಪ್ರಶ್ನೆ. ಅದನ್ನು ಕೇಳಿಸಿಕೊಳ್ಳುವ ಸೇವೆ ಒಳ್ಳೆಯದು. ಪ್ರಾಣಾಯಾಮ ಹೇಳಿಕೊಟ್ಟು ಫೋನಿಡುವ ಸೇವೆ ಅರ್ಧ ಕೆಲಸವನ್ನೂ ಮಾಡಿದಂತಲ್ಲ.

ಗುಂಡಿ ಒತ್ತುವ ಮುಂಚೆ

ಕರೆ ಮಾಡಿದ ಕೂಡಲೇ ಯಂತ್ರದ ದನಿ ಭಾಷೆ ಆರಿಸು ಎನ್ನುತ್ತದೆ. ಕನ್ನಡದವರು ಕನ್ನಡವನ್ನು ಒತ್ತಬೇಕು ಎಂದು ಹೊರಗಿನವರು ಸುಲಭವಾಗಿ ಹೇಳುತ್ತಾರೆ. ಚಾಳಿನ ಖೋಲಿಯೊಳಗೆ ನಿಂತು ನೋಡಿ. ಒಂದೇ ಕೋಣೆ, ಒಂದು ಮೂಲೆಯಲ್ಲಿ ಮೋರಿ ಎನ್ನುವ ಬಚ್ಚಲು, ಇನ್ನೊಂದರಲ್ಲಿ ಗ್ಯಾಸ್ ಕಟ್ಟೆ, ಮಂಚದ ಮೇಲೆ ತಂಗಿಯ ಆನ್‌ಲೈನ್ ಕ್ಲಾಸು, ಕೆಳಗೆ ಅಜ್ಜಿ. ಹೊರಗಿನ ಗ್ಯಾಲರಿಯಲ್ಲಿ ಪಕ್ಕದ ಖೋಲಿಯ ಕಿಟಕಿ. ಅಲ್ಲಿ ತಾಯ್ನುಡಿಯಲ್ಲಿ ಮಾತಾಡಿದರೆ ತಾಯಿಗೆ ಒಂದು ಅಕ್ಷರವೂ ಬಿಡದೆ ಕೇಳಿಸುತ್ತದೆ. ಹಾಗಾಗಿ ಮನೆಯಲ್ಲಿದ್ದವರಿಗೆ ಇಂಗ್ಲಿಷ್ ಗುಂಡಿಯೇ ಬಾಗಿಲ ಚಿಲಕ. ಮನೆಯವರಿಗೆ ಅರ್ಥವಾಗದ ಮಾತಿನಲ್ಲಿ ಮಾತ್ರ ಮನೆಯ ಸಂಗತಿ ಆಡಬಹುದು.

ಪುಣೆಯಲ್ಲಿ ಇದು ತಿರುಗಾಮುರುಗಾ. ಕೋಥರೂಡ್, ಕರ್ವೆನಗರ, ಸದಾಶಿವ ಪೇಟೆಯಲ್ಲಿ ಕಾಟ್ ಬೇಸಿಸ್ ಮೇಲೆ, ಅಂದರೆ ಒಂದು ಮಂಚದ ಜಾಗಕ್ಕಷ್ಟೇ ಬಾಡಿಗೆ ಕೊಟ್ಟು ಇರುವ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಹುಡುಗರಿಗೆ ಪಕ್ಕದ ಕಾಟಿನವರೆಲ್ಲ ಮರಾಠಿಯವರು. ಅಲ್ಲಿ ಕನ್ನಡ ಯಾರಿಗೂ ತಿಳಿಯದ ಗುಟ್ಟಿನ ಭಾಷೆ, ಎಷ್ಟು ಗಟ್ಟಿಯಾಗಿ ಬೇಕಾದರೂ ಆಡಬಹುದು. ಗೋವೆಯ ವಾಸ್ಕೊ, ಝುವಾರಿನಗರದ ಉತ್ತರ ಕರ್ನಾಟಕದ ಮನೆಗಳಲ್ಲಿ ಮತ್ತೆ ಮುಂಬಯಿಯ ಕತೆಯೇ: ಸಣ್ಣ ಮನೆ, ಎಲ್ಲರಿಗೂ ಕನ್ನಡ, ಆದರೆ ಕಾಲೇಜು ಹುಡುಗರಿಗೆ ಕೊಂಕಣಿ, ಹಿಂದಿ ಎರಡೂ ಕೈಯಲ್ಲಿವೆ.

ಆದ್ದರಿಂದ ಯಾವ ಸೇವೆಯಲ್ಲಿ ಎಷ್ಟು ಭಾಷೆ ಇದೆ ಎಂಬುದರ ಜೊತೆಗೆ, ನೀವಿರುವ ಕೋಣೆಯಲ್ಲಿ ಯಾವ ಭಾಷೆ ಮರೆ ಕೊಡುತ್ತದೆ ಎಂದೂ ನೋಡಿ. ಹೃದಯದ ಮಾತು ಕನ್ನಡದಲ್ಲೇ ಬರುತ್ತದೆ ಎನ್ನುವವರು ಮೊದಲ ಕರೆಯನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾಡಿ, ಹೊರಗೆ ಹೋಗಲು ಅವಕಾಶ ಸಿಕ್ಕ ದಿನ ಕನ್ನಡದ ಕೌನ್ಸೆಲರ್ ಕೇಳಬಹುದು. ಅಳು ಬಂದರೆ ಮಾತು ತಂತಾನೇ ಕನ್ನಡಕ್ಕೆ ಹೊರಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಒಂದೊಂದಾಗಿ

ಐಕಾಲ್ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯದು, 2012ರಿಂದ ನಡೆಯುತ್ತಿದೆ. ನಂಬರು 9152987821. ಫೋನೆತ್ತುವವರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ತರಬೇತಾದವರು, ಶುಲ್ಕವಿಲ್ಲ. ಭಾನುವಾರ ಬಿಟ್ಟು ಉಳಿದ ದಿನ ಸಿಗುತ್ತದೆ, ಆದರೆ ಹೊತ್ತು ಕಾಲಕಾಲಕ್ಕೆ ಬದಲಾಗಿರುವುದರಿಂದ ನೋಡಿಕೊಂಡು ಕರೆ ಮಾಡಬೇಕು. ಇದರ ದೊಡ್ಡ ಗುಣ ಇಮೇಲ್ ಮತ್ತು ಚಾಟ್. ಮೇಲೆ ಹೇಳಿದ ಖೋಲಿಯಲ್ಲಿ ಕೂತವನಿಗೆ ಇದು ಬಹುದೊಡ್ಡ ವರ: ಕ್ಲಾಸಿನ ಟಿಪ್ಪಣಿ ಬರೆಯುತ್ತಿರುವಂತೆ ತೋರುತ್ತಲೇ ತನ್ನ ಸಂಕಟ ಬರೆಯಬಹುದು. ಬರೆಯುವಾಗ ತಡೆದು, ಅಳಿಸಿ, ಮತ್ತೆ ಬರೆಯುವುದರಲ್ಲೇ ತನ್ನ ಬಗ್ಗೆ ಅರ್ಧ ತಿಳಿವಳಿಕೆ ಬರುತ್ತದೆ. ಗುರುತಿನ ಗೊಂದಲಕ್ಕೆ ಬರಹ ಮಾತಿಗಿಂತ ಒಳ್ಳೆಯ ಸಾಧನ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಕೊರತೆ ಎರಡು. ಇಮೇಲಿಗೆ ಉತ್ತರ ಕೂಡಲೇ ಬರುವುದಿಲ್ಲ, ಹಾಗಾಗಿ ಜೀವಕ್ಕೆ ಕುತ್ತಿರುವ ಹೊತ್ತಿಗೆ ಅದು ಸಲ್ಲದು. ರಾತ್ರಿ ಎರಡು ಗಂಟೆಗೆ ಫೋನೂ ಎತ್ತುವುದಿಲ್ಲ, ಆದರೆ ವಿದ್ಯಾರ್ಥಿಗಳ ಕೆಟ್ಟ ಹೊತ್ತು ಅದೇ.

ಕಿರಣ್ 1800-599-0019 ಅನ್ನು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2020ರ ಸೆಪ್ಟೆಂಬರ್ 7ಕ್ಕೆ ತೆರೆಯಿತು. 24 ಗಂಟೆ, 13 ಭಾಷೆ, ಕನ್ನಡವೂ ಸೇರಿ. ಮೊದಲು ಭಾಷೆಯ ಗುಂಡಿ, ಆಮೇಲೆ ರಾಜ್ಯದ ಗುಂಡಿ. ಈ ಎರಡನೇ ಹೆಜ್ಜೆ ಹೊರನಾಡ ಕನ್ನಡಿಗನಿಗೆ ಮುಖ್ಯ: ಇರುವ ರಾಜ್ಯವನ್ನೇ ಒತ್ತಬೇಕೆಂದಿರಲಿಲ್ಲ, ಸ್ವಂತ ರಾಜ್ಯವನ್ನೂ ಆರಿಸಬಹುದಿತ್ತು. ಕರ್ನಾಟಕ ಒತ್ತಿದರೆ ಕನ್ನಡದ ದನಿ ಸಿಗುವ ಸಾಧ್ಯತೆ ಹೆಚ್ಚಿತ್ತು. ಆದರೆ ಅಲ್ಲಿಯ ಕೌನ್ಸೆಲರ್‌ಗೆ ಮುಂಬಯಿಯ ಸಾಯನ್ ಆಸ್ಪತ್ರೆಯ ಒಪಿಡಿ (ಹೊರರೋಗಿ ವಿಭಾಗ) ಯಾವ ದಿನ ಎಂದು ಗೊತ್ತಿರಬೇಕೆಂದಿರಲಿಲ್ಲ. ಮಾತಿಗೆ ಕರ್ನಾಟಕ, ಮುಂದಿನ ಚಿಕಿತ್ಸೆಯ ದಾರಿಗೆ ಮಹಾರಾಷ್ಟ್ರ ಎಂದು ಎರಡು ಕರೆ ಮಾಡುವುದೇ ಸರಿಯಾದ ಬಳಕೆಯಾಗಿತ್ತು. ವಿನ್ಯಾಸ ಒಳ್ಳೆಯದಿತ್ತು, ಲಾಕ್‌ಡೌನ್ ಶುರುವಾಗಿ ಐದು ತಿಂಗಳ ಮೇಲೆ ಬಂದದ್ದು ಬೇಸರದ ಸಂಗತಿ.

ಮನೋದರ್ಪಣ 8448440632 ಕೇಂದ್ರದ ಶಿಕ್ಷಣ ಸಚಿವಾಲಯದ್ದು, 2020ರ ಜುಲೈ 21ಕ್ಕೆ ಶುರು, ಬೆಳಿಗ್ಗೆ 8ರಿಂದ ರಾತ್ರಿ 8. ವಿದ್ಯಾರ್ಥಿ, ಶಿಕ್ಷಕ, ಹೆತ್ತವರು ಮೂವರಿಗೂ. ಪರೀಕ್ಷೆ, ಓದು, ಮುಂದೇನು ಎಂಬ ಪ್ರಶ್ನೆಗಳಿಗೆ ಇದು ಹೊಂದುತ್ತದೆ. ಹೆತ್ತವರೂ ಇದೇ ನಂಬರಿಗೆ ಕರೆ ಮಾಡಬಹುದು ಎಂಬುದು ಹೆಚ್ಚು ಜನಕ್ಕೆ ತಿಳಿಯಲಿಲ್ಲ. ಮಗ ಬಾಗಿಲು ಹಾಕಿಕೊಂಡು ಕೂತಿದ್ದಾನೆ ಎಂದು ಕಂಗೆಟ್ಟ ಅಮ್ಮನಿಗೆ ಹೇಳಬೇಕಾದ ನಂಬರು ಇದು.

ಮುಂಬಯಿ ಮಹಾನಗರಪಾಲಿಕೆ ಮತ್ತು ಎಂಪವರ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 2020ರ ಏಪ್ರಿಲಿನಲ್ಲಿ ತೆರೆದ 1800-120-820050 ಅನ್ನು ಬೇಗ ಬಂದದ್ದಕ್ಕಾಗಿ ಮೆಚ್ಚಬೇಕು. ಇಂಗ್ಲಿಷ್, ಹಿಂದಿ, ಮರಾಠಿ ಸಲೀಸಾದವರಿಗೆ ಸರಿ. ಅದೇ ಹೊತ್ತಿಗೆ ಬೆಂಗಳೂರಿನ ನಿಮ್ಹಾನ್ಸ್ 080-46110007 ತೆರೆದಿತ್ತು. ಮುಂಬಯಿಯಲ್ಲಿ ಕೂತು ಕನ್ನಡದಲ್ಲಿ ತಜ್ಞರ ಜೊತೆ ಮಾತಾಡಬೇಕಾದವರಿಗೆ ಆರಂಭದ ತಿಂಗಳುಗಳಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ನಮ್ಮ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಕಷಾಯದ ಪಾಕಗಳ ನಡುವೆ ಈ ನಂಬರು ಇನ್ನಷ್ಟು ಓಡಾಡಬೇಕಿತ್ತು.

ಕಾಲೇಜುಗಳದ್ದೇ ಸಹಾಯವಾಣಿಗಳೂ ಇದ್ದವು. 2020ರ ಏಪ್ರಿಲಿನಲ್ಲಿ ಯುಜಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೂ ಸಹಾಯವಾಣಿ ಮಾಡಿ, ಹಾಸ್ಟೆಲ್ ವಾರ್ಡನ್ ಅಥವಾ ಹಿರಿಯ ಅಧ್ಯಾಪಕರ ಮುಂದಾಳುತನದಲ್ಲಿ ಸಹಾಯ ಗುಂಪು ಕಟ್ಟಿ ಎಂದು ಬರೆದಿತ್ತು. ಇಲ್ಲಿ ಎಡವಟ್ಟು ಒಳಗೇ ಇದೆ. ಹಾಜರಿ ಹಾಕುವವರೂ ಇಂಟರ್ನಲ್ ಅಂಕ ಕೊಡುವವರೂ ಅವರೇ ಆದಾಗ, ಕ್ಲಾಸಿಗೆ ಕ್ಯಾಮೆರಾ ಯಾಕೆ ಆಫ್ ಎಂಬ ನಿಜವಾದ ಕಾರಣವನ್ನು ಯಾರು ಹೇಳುತ್ತಾರೆ? ಅಧ್ಯಾಪಕರು ಕೆಟ್ಟವರೆಂದಲ್ಲ. ಅಂಕ ಕೊಡುವ ಕೈಯೂ ಗುಟ್ಟು ಕೇಳುವ ಕಿವಿಯೂ ಒಬ್ಬರದೇ ಆಗಬಾರದು. ಕಾಲೇಜಿನ ಕೌನ್ಸೆಲರ್ ಪಾಠ ಮಾಡದವರಾಗಿದ್ದರೆ ಮಾತ್ರ ಈ ಸೇವೆಯನ್ನು ನಂಬಿ ಬಳಸಬಹುದು, ಹಾಗಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು ಕೂಡ, ಏಕೆಂದರೆ ಪ್ರತಿ ವಾರ ಅದೇ ವ್ಯಕ್ತಿ ಸಿಗುತ್ತಾರೆ.

ಟೆಲಿ ಮಾನಸ್ ಪಿಡುಗಿನ ಮಗು. 2022ರ ಫೆಬ್ರವರಿಯ ಬಜೆಟ್ಟಿನಲ್ಲಿ ಘೋಷಣೆಯಾಗಿ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ನಿಮ್ಹಾನ್ಸ್ ಮೇಲುಸ್ತುವಾರಿ, ಬೆಂಗಳೂರಿನ ಐಐಐಟಿಯ ತಂತ್ರಜ್ಞಾನ. 14416 ಅಥವಾ 1800-891-4416, ದಿನದ 24 ಗಂಟೆ, 20 ಭಾಷೆ. ಇದರ ಗಟ್ಟಿತನ ಎರಡು ಮೆಟ್ಟಿಲಿನ ಕಟ್ಟಡದಲ್ಲಿದೆ: ಮೊದಲು ತರಬೇತಾದ ಕೌನ್ಸೆಲರ್, ಬೇಕಾದರೆ ಅಲ್ಲಿಂದ ಮನೋವೈದ್ಯರಿಗೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ, ವೈದ್ಯಕೀಯ ಕಾಲೇಜಿಗೆ ದಾಟಿಸುವುದು. ಕೋವಿಡ್ ಕಾಲದ ನಂಬರುಗಳಲ್ಲಿ ಇಷ್ಟು ಗಟ್ಟಿಯಾಗಿ ಕಾಣದಿದ್ದ ಕೊಂಡಿ ಇದು; ಅಲ್ಲಿ ಮಾತು ಮುಗಿದ ಮೇಲೆ ಮುಂದಿನ ದಾರಿಯನ್ನು ಹಲವು ಸಲ ಹುಡುಗನೇ ಹುಡುಕಿಕೊಳ್ಳಬೇಕಿತ್ತು.

ಕರೆ ಹೇಗೆ ಮಾಡುವುದು, ಎಲ್ಲಿ ಕೆಡುತ್ತದೆ

ಜಾಗ ಮೊದಲು. ಟೆರೇಸು, ಮೆಟ್ಟಿಲ ತಿರುವು, ಸೊಸೈಟಿ ಕಾಂಪೌಂಡಿನಲ್ಲಿ ನಡೆದಾಡುವುದು. ಇವು ಮೂರೂ ಇಲ್ಲದಿದ್ದರೆ ಮಿಕ್ಸಿ, ಫ್ಯಾನು, ನಲ್ಲಿ ನೀರಿನ ಹೊತ್ತು. ಮೈಕ್ ಇರುವ ತಂತಿಯ ಇಯರ್‌ಫೋನ್ ಇದ್ದರೆ ಪಿಸುಮಾತೂ ಆ ಕಡೆಗೆ ಮುಟ್ಟುತ್ತದೆ; ಒಂದೇ ಕಿವಿಗೆ ಹಾಕಿಕೊಂಡರೆ ಯಾರಾದರೂ ಹತ್ತಿರ ಬರುವುದು ತಿಳಿಯುತ್ತದೆ. ಹೌದು, ಇಲ್ಲ ಎಂದಷ್ಟೇ ಹೇಳಬಲ್ಲ ಜಾಗದಲ್ಲಿದ್ದರೆ ಅದನ್ನು ಮೊದಲ ಮಾತಾಗಿಯೇ ಹೇಳಿ. ತಿಳಿದ ಕೌನ್ಸೆಲರ್ ಕೂಡಲೇ ಹೌದು, ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳಿಗೆ ಬದಲಾಯಿಸಿಕೊಳ್ಳುತ್ತಾರೆ.

ಮೊದಲ ಎರಡು ವಾಕ್ಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ತುಂಬ ಉಪಯೋಗಕ್ಕೆ ಬರುತ್ತದೆ. ‘ಟೆನ್ಷನ್ ಆಗ್ತಿದೆ’ ಎಂದರೆ ಹತ್ತು ನಿಮಿಷ ಏನು ಟೆನ್ಷನ್ ಎಂಬುದಕ್ಕೇ ಹೋಗುತ್ತದೆ. ‘ಎರಡು ತಿಂಗಳಿಂದ ಬೆಳಗಿನ ಜಾವ ನಾಲ್ಕಕ್ಕೆ ಮಲಗುತ್ತಿದ್ದೇನೆ, ಕ್ಲಾಸಿಗೆ ಲಾಗಿನ್ ಆಗಿ ಮಲಗಿಬಿಡುತ್ತೇನೆ, ಕಾಲೇಜಿನ ಗೆಳೆಯರ ಮೆಸೇಜಿಗೆ ಉತ್ತರ ಕೊಡಲು ಮನಸ್ಸಿಲ್ಲ’ ಎಂದರೆ ಮಾತು ನೇರ ಕೆಲಸಕ್ಕೆ ಬರುತ್ತದೆ. ಇಮೇಲ್ ಬರೆಯುವವರು ವಯಸ್ಸು, ಯಾವ ವರ್ಷ, ಎಷ್ಟು ಕಾಲದಿಂದ, ನಿದ್ದೆ ಊಟ ಹೇಗಿದೆ, ನಿನ್ನೆಯ ಒಂದು ದಿನ ಹೇಗೆ ಕಳೆಯಿತು, ಫೋನ್ ಮಾಡಿದರೆ ತೊಂದರೆಯೇ ಎಂಬಿಷ್ಟನ್ನು ಬರೆದರೆ ಸಾಕು. ಮನೆಯಲ್ಲಿ ಒಂದೇ ಫೋನು, ಎಲ್ಲರಿಗೂ ಒಂದೇ ಜಿಮೇಲ್ ಆಗಿದ್ದರೆ ಬೇರೆ ಖಾತೆ ತೆರೆದು, ಮುಗಿದ ಮೇಲೆ ಲಾಗೌಟ್ ಆಗಬೇಕು. ಪರದೆಯ ಮೇಲೆ ಮೆಸೇಜಿನ ಮೊದಲ ಸಾಲು ತೋರಿಸುವ ಸೆಟ್ಟಿಂಗನ್ನು ಆಫ್ ಮಾಡದೆ ಚಾಟ್ ಶುರುಮಾಡಬೇಡಿ. ತಂಗಿ ಕ್ಲಾಸಿಗೆ ಫೋನು ಹಿಡಿದಿರುವಾಗಲೇ ಉತ್ತರ ಬಂದು ಗುಟ್ಟು ರಟ್ಟಾಗುವುದು ಹೀಗೇ.

ಹೆಚ್ಚು ಜನ ಬೇಸರಪಡುವುದು ಪ್ರತಿ ಸಲ ಬೇರೆ ದನಿ ಸಿಗುವುದಕ್ಕೆ. ಇಡೀ ಕತೆಯನ್ನು ಮೊದಲಿಂದ ಹೇಳಬೇಕಾಗುತ್ತದೆ, ಎರಡನೇ ಸಲಕ್ಕೆ ಹುಡುಗ ಬಿಟ್ಟುಬಿಡುತ್ತಾನೆ. ಇದು ಇಂಥ ಸೇವೆಗಳ ರಚನೆಯಲ್ಲೇ ಇರುವ ದೋಷ. ಸರದಿಯಲ್ಲಿ ಯಾರಿದ್ದಾರೋ ಅವರಿಗೆ ಕರೆ ಹೋಗುತ್ತದೆ. ತಗ್ಗಿಸಲು ದಾರಿ ಇದೆ. ಮೊದಲ ಕರೆಯ ಕೊನೆಯಲ್ಲಿ ಕೌನ್ಸೆಲರ್ ಯಾವ ದಿನ, ಯಾವ ಹೊತ್ತಿಗೆ ಇರುತ್ತಾರೆ, ಮರುಕರೆಯ ವ್ಯವಸ್ಥೆ ಇದೆಯೇ, ಟಿಪ್ಪಣಿಗೆ ಸಂಖ್ಯೆ ಇದೆಯೇ ಎಂದು ಕೇಳಿ ಬರೆದುಕೊಳ್ಳಿ. ಇಲ್ಲವೆಂದರೆ ಕರೆ ಮುಗಿದ ಐದು ನಿಮಿಷದಲ್ಲಿ ನೀವೇ ನಾಲ್ಕು ಸಾಲು ಬರೆದಿಟ್ಟು ಮುಂದಿನ ಸಲ ಓದಿಹೇಳಿ.

ಇನ್ನೊಂದು ಭಯ, ‘ಸಾಯಬೇಕು ಅನ್ನಿಸುತ್ತದಾ’ ಎಂಬ ನೇರ ಪ್ರಶ್ನೆ. ಅದು ಬಂದದ್ದೇ ಹಲವರು ಫೋನ್ ಕಟ್ ಮಾಡುತ್ತಾರೆ. ಅದು ಅನುಮಾನವಲ್ಲ, ಅವರು ಕೇಳಲೇಬೇಕಾದ ಪ್ರಶ್ನೆ. ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುವುದೇ ಒಳ್ಳೆಯದು. ಪೊಲೀಸರಿಗೆ ಹೇಳುತ್ತಾರೆಯೇ ಎಂಬುದು ಬೆನ್ನಿಗೇ ಬರುವ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗುಟ್ಟು ಕಾಯುವ ಹಕ್ಕನ್ನು ಕೊಡುತ್ತದೆ, 115ನೇ ಕಲಮು ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಜೀವಕ್ಕೆ ಅಪಾಯವಿದ್ದಾಗ, ಕಾಪಾಡಲು ಬೇಕಾದಷ್ಟನ್ನು ಬೇರೆಯವರಿಗೆ ತಿಳಿಸಬಹುದು. ಹನ್ನೊಂದು, ಹನ್ನೆರಡನೆಯ ಜೂನಿಯರ್ ಕಾಲೇಜಿನವರು ನೆನಪಿಡಬೇಕಾದದ್ದು: 18 ತುಂಬದವರ ಚಿಕಿತ್ಸೆಗೆ ಪೋಷಕರು ಬೇಕಾಗುತ್ತಾರೆ, ಲೈಂಗಿಕ ದೌರ್ಜನ್ಯದ ಸಂಗತಿಯಾದರೆ ವರದಿ ಮಾಡುವುದು ಕಾನೂನಿನ ಕಡ್ಡಾಯ. ಅವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಅಂಕದ ಪಟ್ಟಿಗಳು ಮತ್ತು ಇಪ್ಪತ್ತು ವಾಕ್ಯ

ಕರೆಯ ನಡುವೆಯೋ ಆ್ಯಪಿನಲ್ಲೋ ಪ್ರಶ್ನಾವಳಿ ತುಂಬಿಸುತ್ತಾರೆ. ಪಿಎಚ್‌ಕ್ಯೂ–9 ಎಂಬುದು ಖಿನ್ನತೆಗೆ, ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಅಂಕ ಏರಿದಷ್ಟೂ ತೀವ್ರತೆ ಹೆಚ್ಚು; 5, 10, 15, 20 ಇದರ ಗಡಿಗಳು. ಜಿಎಡಿ–7 ಆತಂಕಕ್ಕೆ, ಒಟ್ಟು 21. ಇವು ಜರಡಿಗಳಷ್ಟೇ, ರೋಗನಿರ್ಣಯ ಅಲ್ಲ. ಕೋವಿಡ್ ಬಂದುಹೋದವರಲ್ಲಿ ಇವು ದಾರಿ ತಪ್ಪಿಸಬಹುದು: ಸುಸ್ತು, ನಿದ್ದೆಗೇಡು, ಹಸಿವು ಕಡಿಮೆ, ಗಮನ ನಿಲ್ಲದಿರುವುದು ನಾಲ್ಕೂ ಪಿಎಚ್‌ಕ್ಯೂನಲ್ಲಿ ಅಂಕ ತರುತ್ತವೆ, ನಾಲ್ಕೂ ಕೋವಿಡ್ಡಿನ ಬಾಲವಾಗಿಯೂ ಇರುತ್ತವೆ. ಹಾಗಾಗಿ ಅಂಕ 11 ಬಂತೆಂದು ಹೆದರುವ ಮೊದಲು ಯಾವ ಪ್ರಶ್ನೆಗಳಿಂದ ಬಂತು ಎಂದು ಕೇಳಿ. ಮೊದಲೆರಡು ಪ್ರಶ್ನೆ, ಅಂದರೆ ಆಸಕ್ತಿ ಮತ್ತು ಬೇಸರ, ಮತ್ತು ಸಾಯುವ ಯೋಚನೆಯ ಬಗ್ಗೆ ಕೇಳುವ ಕೊನೆಯ ಒಂಬತ್ತನೆಯದು ಹೆಚ್ಚು ಮುಖ್ಯ. ಒಂಬತ್ತನೆಯದಕ್ಕೆ ಸೊನ್ನೆ ಅಲ್ಲದ ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡದೆ ಮಾತಾಡಬೇಕು. ಡಬ್ಲ್ಯುಎಚ್‌ಒ–5 ನಮಗೆ ಹೆಚ್ಚು ಇಷ್ಟ. ಐದೇ ಪ್ರಶ್ನೆ, 25 ಅಂಕವನ್ನು ನಾಲ್ಕರಿಂದ ಗುಣಿಸಿ 100ಕ್ಕೆ ತರುವುದು, 50 ಅಥವಾ ಕೆಳಗೆ ಬಂದರೆ ಗಮನ ಕೊಡುವುದು. ರೋಗ ಎಷ್ಟಿದೆ ಎನ್ನದೆ ನೆಮ್ಮದಿ ಎಷ್ಟಿದೆ ಎಂದು ಕೇಳುವುದರಿಂದ ಹುಡುಗರು ಸುಳ್ಳು ಹೇಳದೆ ತುಂಬುತ್ತಾರೆ.

ಗುರುತಿನ ಪ್ರಶ್ನೆಯನ್ನು ಈ ಯಾವ ಪಟ್ಟಿಯೂ ಮುಟ್ಟುವುದಿಲ್ಲ. ಅದಕ್ಕೆ ಕೂನ್ ಮತ್ತು ಮೆಕ್‌ಪಾರ್ಟ್‌ಲೆಂಡ್ 1954ರಲ್ಲಿ ಕೊಟ್ಟ ಇಪ್ಪತ್ತು ವಾಕ್ಯದ ಪರೀಕ್ಷೆಯೇ ಇಂದಿಗೂ ಒಳ್ಳೆಯದು: ‘ನಾನು’ ಎಂದು ಶುರುವಾಗುವ 20 ವಾಕ್ಯ, 12 ನಿಮಿಷ, ಯೋಚಿಸದೆ ಬರೆಯುವುದು. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಎರಡು ಸಲ ಮಾಡಿಸಬೇಕು, ಒಮ್ಮೆ ಮನೆಯ ಭಾಷೆಯಲ್ಲಿ, ಮರುದಿನ ಕಾಲೇಜಿನ ಭಾಷೆಯಲ್ಲಿ. ಒಂದರಲ್ಲಿ ಮಗ, ತಮ್ಮ, ಇಂಥ ಊರಿನವ ಎಂದು ತುಂಬಿ, ಇನ್ನೊಂದರಲ್ಲಿ ಕಾರ್ಯಕರ್ತ, ಗಿಟಾರು ಬಾರಿಸುವವ, ಜೋಕು ಹೇಳುವವ ಎಂದು ಬಂದರೆ ಲಾಕ್‌ಡೌನಿನಲ್ಲಿ ಯಾವ ಸಾಲುಗಳಿಗೆ ಕೆಲಸ ಇಲ್ಲವಾಯಿತೆಂಬುದು ಕಾಗದದ ಮೇಲೆಯೇ ಕಾಣುತ್ತದೆ. ಆಮೇಲಿನ ಹೆಜ್ಜೆ ಸಣ್ಣದು: ಕೆಲಸವಿಲ್ಲದ ಸಾಲುಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ವಾರದಲ್ಲಿ ಎರಡು ನಿಗದಿತ ಹೊತ್ತು ಕೊಡುವುದು, ಇನ್ನೊಬ್ಬರನ್ನು ಜೊತೆ ಮಾಡಿಕೊಂಡು. ಯಕ್ಷಗಾನದ ಹೆಜ್ಜೆಯನ್ನು ವಿಡಿಯೊ ಕರೆಯಲ್ಲಿ ಮಾಡುವುದು ಸಪ್ಪೆಯೇ. ಆದರೂ ಆ ಸಾಲು ಬದುಕಿರುತ್ತದೆ. ಈ ಇಪ್ಪತ್ತು ವಾಕ್ಯವನ್ನು ರಾತ್ರಿ ಒಬ್ಬರೇ ಕೂತು ಬರೆಯಬೇಡಿ. ಆ ಹೊತ್ತಿಗೆ ಇಪ್ಪತ್ತೂ ಬೈಗುಳವಾಗಿ ಬರುತ್ತವೆ. ಹಗಲಿನಲ್ಲಿ ಬರೆದು, ಕೌನ್ಸೆಲರ್‌ಗೆ ಓದಿಹೇಳಿ.

ಫೋನು ಸಾಲದಾದಾಗ

ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ, ಸ್ನಾನ, ಓದು ಎಲ್ಲ ನಿಂತಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ ಆಸ್ಪತ್ರೆಗೇ ಹೋಗಬೇಕು. ಸಾಯುವ ಯೋಚನೆಗೆ ದಾರಿಯೂ ದಿನವೂ ಗೊತ್ತಾಗಿದ್ದರೆ ಕಾಯುವುದು ಬೇಡ: 112 ಅಥವಾ 108, ಇಲ್ಲವೇ ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿ, ಒಬ್ಬರನ್ನೇ ಬಿಡದೆ. ಖಾಸಗಿ ಕೌನ್ಸೆಲರ್ ಮುಂಬಯಿಯಲ್ಲಿ ಒಂದು ಭೇಟಿಗೆ ಸಾವಿರದಿಂದ ಮೂರು ಸಾವಿರದವರೆಗೆ ಕೇಳುತ್ತಾರೆ. ಹೋಟೆಲ್ ಕೆಲಸದ ಹುಡುಗನಿಗೆ ಅದು ಆಗದ ಮಾತು. ಪರೇಲಿನ ಕೆಇಎಂ, ಸಾಯನ್, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಈ ಮೂರೂ ಮಹಾನಗರಪಾಲಿಕೆ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವಿದೆ. ಪುಣೆಯಲ್ಲಿ ಸಸೂನ್, ಗೋವೆಯಲ್ಲಿ ಬಾಂಬೋಳಿಯ ಮನೋರೋಗ ಸಂಸ್ಥೆ.

ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ರೋಗಿಯ ಚೀಟಿ) ಮಾಡಿಸಿ, ಕೆಲವೇ ರೂಪಾಯಿ. ಆಧಾರ್, ಹಳೆಯ ರಿಪೋರ್ಟು, ಈಗ ನುಂಗುತ್ತಿರುವ ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ. ಹೊರಗೆ ಸಾಲು ಉದ್ದವಿರುತ್ತದೆ, ಒಳಗೆ ಸಿಗುವ ಹೊತ್ತು ಕಡಿಮೆ, ಆದ್ದರಿಂದ ಆ ನಾಲ್ಕು ಸಾಲಿನ ಚೀಟಿ ಇಲ್ಲಿ ಇನ್ನೂ ಹೆಚ್ಚು ಬೇಕು. ಹಿಂದಿ, ಮರಾಠಿಯಲ್ಲಿ ಹೇಳಲು ಕಷ್ಟವಾದರೆ ಎರಡೂ ಬಲ್ಲ ಗೆಳೆಯ ಜೊತೆಗಿರಲಿ, ಮನೆಯವರೇ ಆಗಬೇಕೆಂದಿಲ್ಲ. ಆದರೆ 18 ತುಂಬದವರಿಗೆ ಈ ಸ್ವಾತಂತ್ರ್ಯವಿಲ್ಲ. ಖಿನ್ನತೆಯ ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಮೊದಲ ವಾರ ಹೊಟ್ಟೆ ತೊಳಸುವುದುಂಟು. ಏನೂ ಆಗಲಿಲ್ಲ ಎಂದು ಎಂಟನೇ ದಿನಕ್ಕೆ ಬಿಡುವುದು ತಪ್ಪು. ಸರಿಹೋಯಿತು ಎಂದು ಎರಡನೇ ತಿಂಗಳಿಗೆ ಒಮ್ಮೆಲೇ ನಿಲ್ಲಿಸುವುದೂ ಅಷ್ಟೇ ತಪ್ಪು. ಕೇಸ್ ಪೇಪರನ್ನು ಮನೆಯಲ್ಲಿ ಇಡುವಂತಿಲ್ಲದಿದ್ದರೆ ಎರಡೂ ಬದಿಯ ಫೋಟೊ ತೆಗೆದು ಮೂಲವನ್ನು ಗೆಳೆಯನ ಬಳಿ ಇರಿಸಿ. ಅದು ಕಳೆದರೆ ಮುಂದಿನ ಸಲ ಹೊಸದಾಗಿ ಎಲ್ಲ ಹೇಳಬೇಕಾಗುತ್ತದೆ.